ದೊರೆಮಗಳ ಒಗಟು, ಉಪ್ಪಿನ ಸಿಂಗಣನ ಉತ್ತರ

ಚೂತಪುರದ ಬೀದಿಬೀದಿಯಲ್ಲಿ ಡಂಗುರ ಸಾರಿದರು.

“ಕೇಳಿರಪ್ಪೋ ಕೇಳಿ! ದೊರೆ ಉದ್ದಂಡರಾಯರ ಒಬ್ಬಳೇ ಮಗಳು ಹೇಮಮಂಜರಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ದೊರೆಮಗಳನ್ನು ಕೊಟ್ಟು ಮದುವೆ, ಇಲ್ಲವೇ ಅವನು ಬೇಡಿದ ವರ. ಒಂದು ತಪ್ಪಿದರೂ ತಲೆದಂಡ! ಧೈರ್ಯವಿದ್ದವರು ಅರಮನೆಯ ಮಾವಿನ ತೋಪಿಗೆ ಬನ್ನಿ!”

ಹೇಮಮಂಜರಿಗೆ ಮದುವೆಯೇ ಬೇಕಿರಲಿಲ್ಲ. ತನ್ನನ್ನು ನೋಡಲು ಬರುವ ಗಂಡುಗಳನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅಪ್ಪ ಬಿಡದೆ ಕಾಡಿದ್ದಕ್ಕೆ ಈ ಪಂದ್ಯ ಹೂಡಿದ್ದಳು. ಒಗಟುಗಳನ್ನು ಅವಳು ಹುಡುಕಿದ್ದು ಅಡುಗೆಮನೆಯಲ್ಲಿ. ಊರಿನ ಹೆಂಗಸರೆಲ್ಲ ನಿದ್ದೆಗಣ್ಣಲ್ಲೂ ಬಿಡಿಸುವಂಥವು. ಆದರೆ ಕಿರೀಟ ಹೊತ್ತು ಬರುವವರು ಎಲೆಯಲ್ಲಿ ಏನಿದೆಯೆಂದು ಎಂದೂ ನೋಡಿ ಉಂಡವರಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಮೊದಲು ಬಂದವನು ನೆರೆಯ ದೇಶದ ಯುವರಾಜ. ಮರದ ಕೆಳಗೆ ಕುಳಿತಿದ್ದ ಹೇಮಮಂಜರಿ ಅವನಿಗೆ ಕೂರಲೂ ಹೇಳಲಿಲ್ಲ.

“ಮೈತುಂಬ ಮಚ್ಚೆ, ನೋಡಿದರೆ ಯಾರೂ ಮೋಹಿಸುವುದಿಲ್ಲ. ಕತ್ತಿ ತೋರಿಸಿದರೆ ಕೆಡುತ್ತಾಳೆ, ಮೆಲ್ಲಗೆ ಹಿಸುಕಿದರೆ ಒಲಿಯುತ್ತಾಳೆ. ಒಲಿದರೆ ಮೊಣಕೈವರೆಗೂ ಹರಿಯುತ್ತಾಳೆ. ಯಾರವಳು?”

ಯುವರಾಜ ಮೀಸೆ ತಿರುವಿದ. “ಹೆಣ್ಣಿನ ಮನಸ್ಸು!”

“ಹೆಣ್ಣಿನ ಮನಸ್ಸಿಗೆ ಮಚ್ಚೆಯೇ? ಎಳೆದುಕೊಂಡು ಹೋಗಿ ಇವನನ್ನು.”

ಎರಡನೆಯವನು ಮಂತ್ರಿಯ ಸೋದರಳಿಯ. ಬಹಳ ಯೋಚಿಸಿದವನಂತೆ ಕಣ್ಣು ಮುಚ್ಚಿ, “ನಕ್ಷತ್ರ ತುಂಬಿದ ಆಕಾಶಗಂಗೆ” ಎಂದ.

“ಆಕಾಶಗಂಗೆಯನ್ನು ಹಿಸುಕುತ್ತೀಯಾ ನೀನು? ಇವನನ್ನೂ ಕಟ್ಟಿ.”

ಮೂರನೆಯವನು ಅರಮನೆಯ ಕಾವಲು ಭಟ ಬೊಮ್ಮರಸ. ಒಳ್ಳೆಯ ಆಳು, ಎತ್ತರದ ಮೈಕಟ್ಟು, ಅದಕ್ಕಿಂತ ಎತ್ತರದ ಜಂಬ. ಯಾರದೋ ಜರತಾರಿ ಅಂಗಿ ಎರವಲು ತಂದು ತೊಟ್ಟಿದ್ದ. ಅವನು ದೊರೆಮಗಳ ಮುಖ ನೋಡುತ್ತಲೇ, “ಅದು ತಾವೇ!” ಎಂದುಬಿಟ್ಟ.

“ನನ್ನ ಮೈತುಂಬ ಮಚ್ಚೆಯೇ?” ಎಂದಳು ಹೇಮಮಂಜರಿ. ಸುತ್ತ ನಿಂತ ಜನ ಬಿದ್ದು ಬಿದ್ದು ನಕ್ಕರು. ಬೊಮ್ಮರಸನನ್ನೂ ಕಂಬಕ್ಕೆ ಬಿಗಿದರು. ಸೂರ್ಯ ಮುಳುಗುವ ಹೊತ್ತಿಗೆ ಮೂವರ ತಲೆಯೂ ಉರುಳಬೇಕೆಂದು ಅಪ್ಪಣೆಯಾಯಿತು.

ಸುದ್ದಿ ಸಂತೆಬೀದಿಗೆ ಮುಟ್ಟಿತು. ಅಲ್ಲಿ ಬೊಮ್ಮರಸನ ತಮ್ಮ ಸಿಂಗಣ ಕತ್ತೆಯ ಮೇಲೆ ಉಪ್ಪಿನ ಮೂಟೆ ಹೇರಿಕೊಂಡು ಮನೆಮನೆಗೆ ಮಾರುತ್ತಿದ್ದ. ಅಣ್ಣ ಅರಮನೆ ಸೇರಿದ ಮೇಲೆ ಎದುರು ಸಿಕ್ಕರೂ ಮಾತಾಡುತ್ತಿರಲಿಲ್ಲ. ಆದರೂ ಸಿಂಗಣ ಮೂಟೆಯನ್ನು ಅಲ್ಲೇ ಇಳಿಸಿ ಮಾವಿನ ತೋಪಿಗೆ ಓಡಿದ.

“ಏನು ಬೇಕು?” ಎಂದಳು ಹೇಮಮಂಜರಿ.

“ಅಮ್ಮಣ್ಣಿ, ಅಲ್ಲಿ ಕಟ್ಟಿರುವವನು ನಮ್ಮಣ್ಣ.”

ಕಂಬದಿಂದ ಬೊಮ್ಮರಸ ಕೂಗಿದ: “ಸುಳ್ಳು! ಯಾರೋ ಉಪ್ಪು ಮಾರುವವನು. ನನಗೂ ಅವನಿಗೂ ಸಂಬಂಧವಿಲ್ಲ.”

ಸಿಂಗಣನ ಮುಖ ಬಾಡಿತು. ತಿರುಗಿ ಹೊರಟುಹೋಗೋಣವೆನಿಸಿತು. ಕಾಲು ಏಳಲಿಲ್ಲ.

“ಒಗಟು ಕೇಳಿ, ಅಮ್ಮಣ್ಣಿ” ಎಂದ.

ಅವಳು ಅವನ ಹರಿದ ರುಮಾಲನ್ನು ನೋಡಿ ತುಟಿ ಕೊಂಕಿಸಿ ಮೊದಲ ಒಗಟು ಹೇಳಿದಳು.

“ಚೀಪುವ ನಾಟಿ ಮಾವು” ಎಂದ ಸಿಂಗಣ. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು.

“ಯಾಕೆ?”

“ಹೆಚ್ಚಿ ತಟ್ಟೆಯಲ್ಲಿಟ್ಟರೆ ಬರೀ ನಾರು. ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು ಚೀಪಬೇಕು. ತಿನ್ನುವುದಕ್ಕೆ ನನಗೆ ಅದೇ ಸೈ. ಮಿಕ್ಕಿದ್ದನ್ನು ಹಿಂಡಿ ಬೆಲ್ಲ ಹಾಕಿದರೆ ಸೀಕರಣೆ.”

ಹೇಮಮಂಜರಿ ನೆಟ್ಟಗೆ ಕುಳಿತಳು. “ಗಿಣಿಯ ಮೂಗು, ಗಿಣಿಯ ಬಣ್ಣ, ಹಾರಲಾರಳು. ವಯಸ್ಸಾದರೆ ಸಪ್ಪೆ ಎಂದು ಮೂಗು ಮುರಿಯುತ್ತಾರೆ. ಎಳೆಯ ಮೈಗೆ ಉಪ್ಪು ಖಾರ ಸವರಿದರೆ ಬೀದಿಯೆಲ್ಲ ಚಪ್ಪರಿಸುತ್ತದೆ. ಯಾರು?”

“ಗಿಣಿಮೂತಿ ಮಾವು. ಹಣ್ಣಾಗಲು ಬಿಟ್ಟವನು ಕೆಟ್ಟ. ಕಾಯಿ ತುರಿದು ಚಿತ್ರಾನ್ನಕ್ಕೆ ಹಾಕಬೇಕು, ಇಲ್ಲವೇ ಸೀಳಿ ಹಾಗೇ ತಿನ್ನಬೇಕು.”

ಸೂರ್ಯ ಮರದ ತಲೆಗಳ ಹಿಂದೆ ಇಳಿಯುತ್ತಿದ್ದ. ತಲೆ ಕಡಿಯುವ ಕಟುಕ ಕತ್ತಿ ಒರೆಸಿಕೊಂಡ. ಹೇಮಮಂಜರಿ ಧ್ವನಿ ತಗ್ಗಿಸಿದಳು.

“ಪ್ರಾಯಕ್ಕೆ ಬರುವ ಮೊದಲೇ ತಾಯಿಯಿಂದ ಕಿತ್ತರು. ಮೈ ಸುಕ್ಕುವವರೆಗೆ ಹೂತಿಟ್ಟರು, ಕತ್ತಲಲ್ಲಿ ಕೂಡಿಹಾಕಿದರು. ಚೆಂದವಾಗಿ ಬೆಳೆದ ಅಕ್ಕಂದಿರು ಕೊಳೆತುಹೋದರು. ಇವಳು ಮಾತ್ರ ವರ್ಷ ಕಳೆದರೂ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾಳೆ.”

ಸಿಂಗಣ ಕಂಬದ ಕಡೆ ನೋಡಿದ. ಅಣ್ಣ ಕಟುಕನ ಕತ್ತಿಯನ್ನೇ ನೋಡುತ್ತಿದ್ದ.

“ಮಾವಿನ ಮಿಡಿ” ಎಂದ ಸಿಂಗಣ. “ಎಳೆಯದರಲ್ಲೇ ಕಿತ್ತು ಉಪ್ಪಿನಲ್ಲಿ ಹೂತು ಜಾಡಿಗೆ ತುಂಬಿ ಬಾಯಿ ಕಟ್ಟುತ್ತಾರೆ. ಅನ್ನಕ್ಕಿಂತ ಮೊದಲು ಎಲೆಯ ತುದಿಗೆ ಬರುವುದು ಉಪ್ಪಿನಕಾಯಿಯೇ.”

ಜನ ಹೋ ಎಂದು ಕೂಗಿದರು. ಮಗಳ ಪಕ್ಕದಲ್ಲಿದ್ದ ಉದ್ದಂಡರಾಯನ ಮುಖ ಮಾತ್ರ ಹುಳಿ ತಿಂದಂತಾಯಿತು. ಉಪ್ಪು ಮಾರುವ ಅಳಿಯ!

“ಮದುವೆಗೆ ಅಪ್ಪಣೆ ಕೊಡಿಸಲೇ?” ಎಂದಳು ಹೇಮಮಂಜರಿ, ಹಲ್ಲು ಕಚ್ಚಿ.

“ಬೇಡ. ಆ ಮೂವರನ್ನು ಬಿಡಿಸಿ.”

“ಕಾಸಿಗೆ ಬಾಳದ ಆ ಮೂರು ತಲೆಗಾಗಿ ನನ್ನನ್ನು ಬಿಡುತ್ತೀಯಾ?”

“ಮಾವಿನಕಾಯಿ ಮಾತಿಗೆ ಮನುಷ್ಯರ ಕತ್ತು ಕೇಳುವ ಮನೆಯಲ್ಲಿ ನನಗೆ ಅನ್ನ ಇಳಿಯುವುದಿಲ್ಲ, ಅಮ್ಮಣ್ಣಿ.”

ಅವಳಿಗೆ ಬೇಕಾಗಿದ್ದುದೂ ಮದುವೆ ತಪ್ಪುವುದೇ. ಆದರೂ ಕಪಾಳಕ್ಕೆ ಬಿದ್ದಂತೆ ಮುಖ ಕೆಂಪಾಯಿತು. ಇಷ್ಟು ದಿನ ಅವಳು ಎಲ್ಲರನ್ನೂ ನೋಡಿದ್ದ ನೋಟದಲ್ಲೇ ಅವನು ಅವಳನ್ನು ನೋಡುತ್ತಿದ್ದ. “ಹಗ್ಗ ಬಿಚ್ಚಿ” ಎಂದಳು. “ಇನ್ನು ಮೇಲೆ ಈ ಪಂದ್ಯವಿಲ್ಲ. ಈ ತೋಪು ಇವನದು.” ಅಳಿಯ ತಪ್ಪಿದ ಸಂತೋಷಕ್ಕೆ ಉದ್ದಂಡರಾಯ ಅಲ್ಲೇ ಅಪ್ಪಣೆ ಹೊರಡಿಸಿದ.

ಯುವರಾಜ, ಮಂತ್ರಿಯ ಸೋದರಳಿಯ ಇಬ್ಬರೂ ಹಿಂತಿರುಗಿ ನೋಡದೆ ಓಡಿದರು. ಸಿಂಗಣ ಅಣ್ಣನ ಕೈಹಿಡಿದು ಸಂತೆಬೀದಿಗೆ ಕರೆತಂದ. ಅಲ್ಲಿ ಬೊಮ್ಮರಸ ಜರತಾರಿ ಅಂಗಿಯ ಧೂಳು ಕೊಡವಿಕೊಂಡು ಗಂಟಲು ಸರಿಮಾಡಿಕೊಂಡ.

“ಮೊದಲನೆಯದೊಂದು ಕೈಕೊಟ್ಟಿತು ಕಣೋ. ಉಳಿದ ಎರಡು ನನಗೂ ಗೊತ್ತಿದ್ದವು.”

ಸಿಂಗಣ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.