ಅಯಸ್ಕಾಂತ ಹೊತ್ತ ಮುಳ್ಳು

ಅಚ್ಯುತರಾಯರ ಟರ್ನ್‌ಟೇಬಲ್ಲಿನ ತೋಳಿನ ತುದಿಯಲ್ಲಿ, ರೆಕಾರ್ಡಿನ ಮೇಲೆ ಓಡುವ ಮುಳ್ಳನ್ನು ಹಿಡಿದ ಹಳೆಯ ಕಾರ್ಟ್ರಿಜ್ಜು ಬಹಳ ಕಾಲದಿಂದ ಯಜಮಾನಿಕೆ ನಡೆಸಿತ್ತು. ತನ್ನ ಮುಳ್ಳು ಅಯಸ್ಕಾಂತವನ್ನೇ ಹೊತ್ತು ಓಡುತ್ತದೆಂದು ಅದಕ್ಕೆ ಬಲು ಹೆಮ್ಮೆ. ಒಂದು ಸಂಜೆ ರಾಯರು ಮೂವಿಂಗ್ ಕಾಯಿಲ್ ಎಂಬ ಹೊಸ ಬಗೆಯ ಕಾರ್ಟ್ರಿಜ್ಜೊಂದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ತಂದು, "ಎರಡನ್ನೂ ಕೇಳಿ ನೋಡೋಣ. ಚೆನ್ನಾಗಿರೋದು ಉಳೀಲಿ" ಎಂದು ಹೆಂಡತಿಗೆ ಹೇಳಿದರು. ಹಳೆಯದರ ಹೊಟ್ಟೆಗೆ ಕಿಚ್ಚು ಬಿತ್ತು.

"ನಿನ್ನ ಮುಳ್ಳು ಹೊತ್ತಿರುವುದೇನು, ತಮ್ಮಾ?" ಎಂದು ಹೊಸದನ್ನು ಕೇಳಿತು.

"ಕೂದಲೆಳೆಯಂಥ ತಂತಿಯ ಸುರುಳಿ, ಅಣ್ಣಾ. ಅಷ್ಟೇ."

"ಅಷ್ಟಕ್ಕೇ ಮಖಮಲ್ಲಿನ ಪೆಟ್ಟಿಗೆಯೇ!"

ಮೊದಲು ಹಳೆಯದು ತಾನು ದಿನವೂ ನುಡಿಸುತ್ತಿದ್ದ ರೆಕಾರ್ಡಿನ ಮೇಲೆ ಹಾಡಿತು, ಕಿಟಕಿಯ ಗಾಜು ಅದುರುವಂತೆ. ಆಮೇಲೆ ರಾಯರು ಅದನ್ನು ಬಿಚ್ಚಿಟ್ಟು ಹೊಸದನ್ನು ಅದೇ ರೆಕಾರ್ಡಿನ ಮೇಲೆ ಇಳಿಸಿದರು. ದನಿ ಕೇಳಿಯೂ ಕೇಳದಷ್ಟು ಸಣ್ಣಗೆ ಬಂತು.

"ರಾಯರು ಊಟ ಹಾಕದೆ ಕರೆತಂದರೇನೋ ನಿನ್ನನ್ನು?" ಎಂದು ಹಳೆಯದು ಮೇಜಿನ ಮೇಲಿಂದ ನಕ್ಕಿತು.

ರಾಯರು ಇಂಥ ಸಣ್ಣ ದನಿಗೆಂದೇ ಇರುವ ಆಂಪ್ಲಿಫೈಯರಿನ ಗುಂಡಿ ಒತ್ತಿದರು. ಹಾಡು ತುಂಬಿ ಬಂತು. ಎರಡು ಸಾಲುಗಳ ನಡುವೆ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳಿಸಿತು.

"ಅಯ್ಯೋ, ಇಲ್ಲೇ ಪಕ್ಕದಲ್ಲಿ ಕೂತು ಹಾಡಿದ ಹಾಗಿದೆಯಲ್ರೀ!" ಎಂದರು ರಾಯರ ಹೆಂಡತಿ.

ರಾಯರು ಹಳೆಯದನ್ನು ಡಬ್ಬಿಗೆ ಹಾಕಲು ಎತ್ತಿದರು. ಅದು ರೆಕಾರ್ಡಿನ ಮೇಲೆ ಹರಿಹಾಯ್ದಿತು: "ಇಷ್ಟು ವರ್ಷ ನಿನ್ನ ಗೀರುಗಳಲ್ಲೇ ಸವೆದೆ. ಆ ಉಸಿರನ್ನು ನನ್ನಿಂದ ಬಚ್ಚಿಟ್ಟು, ಇವತ್ತು ಬಂದವನಿಗೆ ಕೊಟ್ಟೆಯಲ್ಲ!"

"ಬಚ್ಚಿಡಲಿಲ್ಲ, ಅಣ್ಣಾ. ದಿನವೂ ನಿನ್ನ ಮುಂದೆಯೇ ಇಡುತ್ತಿದ್ದೆ" ಎಂದಿತು ರೆಕಾರ್ಡು. "ನೀನು ಅಷ್ಟು ಭಾರ ಹೊತ್ತು ಅದನ್ನು ತುಳಿದುಕೊಂಡೇ ಹೋಗುತ್ತಿದ್ದೆ."