ನೆರಳು ಒಗ್ಗದ ಎಲೆ

ನಾಟಿ ವೈದ್ಯೆ ಕೆಂಚವ್ವ ತುಳಸಿ ಎಲೆಗಳನ್ನು ಕೊಯ್ದು, ಮೊರದಲ್ಲಿ ಹರಡಿ, ಪಡಸಾಲೆಯ ನೆರಳಿನಲ್ಲಿ ಒಣಗಲು ಇಟ್ಟಳು. ಅವುಗಳಲ್ಲಿ ಒಂದು ಎಳೆಯ ಎಲೆಗೆ ನೆರಳು ಒಗ್ಗಲೇ ಇಲ್ಲ. ಹುಟ್ಟಿದಂದಿನಿಂದ ಅದಕ್ಕೆ ಉಣಿಸಿದವನು ಸೂರ್ಯ. ಕಣ್ಣಿಗೆ ಕಾಣದಷ್ಟು ಪುಟ್ಟದಾದ ಮೈಮೇಲಿನ ಚೀಲಗಳಲ್ಲಿ ಘಮದ ಎಣ್ಣೆ ತುಂಬಿದ್ದೂ ಅವನ ಬಿಸಿಲಿನಿಂದಲೇ. ಎಲೆ ಗಾಳಿಯನ್ನು ಕಾಡಿ ಬೇಡಿ ಅಂಗಳಕ್ಕೆ ಹಾರಿಬಂತು.

“ಅಪ್ಪಾ, ಬಂದೆ!”

“ಯಾಕೆ ಬಂದೆ ಮಗಳೇ? ಗಾಳಿ ನಿಲ್ಲುವ ಮೊದಲು ಒಳಗೆ ಹೋಗು,” ಎಂದ ಸೂರ್ಯ ಗಾಬರಿಯಿಂದ. “ಬೇರು ನೀರು ಕೊಡುತ್ತಿದ್ದಾಗ ನನ್ನ ಬಿಸಿಲು ನಿನಗೆ ಅನ್ನವಾಗಿತ್ತು. ಈಗ ನಾನು ಮುಟ್ಟಿದರೆ ನಿನ್ನ ಎಣ್ಣೆಯೆಲ್ಲ ಆರಿಹೋಗುತ್ತದೆ.”

“ಉಣಿಸಿದ ಕೈ ಎಲ್ಲಾದರೂ ಕಿತ್ತುಕೊಳ್ಳುತ್ತದೆಯೇ?” ಎಂದು ನಕ್ಕು ಎಲೆ ಮೈಚಾಚಿ ಮಲಗಿತು. ಗಾಳಿ ನಿಂತಿತು.

ಸಂಜೆ ಅಂಗಳ ಗುಡಿಸಲು ಬಂದ ಕೆಂಚವ್ವ ಅದನ್ನೆತ್ತಿ, ಬೆರಳಲ್ಲಿ ತಿಕ್ಕಿ ಮೂಸಿದಳು.

“ಅಯ್ಯೋ, ಕೂಸುಗಳ ಕೆಮ್ಮಿಗೆ ಆಗಬೇಕಿದ್ದ ಎಲೆ. ಚೂರೂ ಘಮ ಉಳಿದಿಲ್ಲವಲ್ಲ,” ಎಂದು ಮರುಗಿ ಕಸದ ಜೊತೆ ಗುಡಿಸಿದಳು.

ಮುಳುಗುತ್ತಿದ್ದ ಸೂರ್ಯ ಎಲ್ಲವನ್ನೂ ನೋಡಿದ. ಹಗಲೆಲ್ಲ ಅವನು ಮಗಳನ್ನು ಉಳಿಸಿಕೊಳ್ಳಲು ಹೆಣಗಿದ್ದ. ಲೋಕಕ್ಕೆಲ್ಲ ಬೆಳಕು ಕೊಡುವವನ ಬಳಿ ಅಂಗೈಯಗಲ ನೆರಳೂ ಇರಲಿಲ್ಲ.