ಕರಿದೋಣಿಯ ತಳ

ನನ್ನ ಹಾಯಿದೋಣಿ ಮಾತಾಡುತ್ತದೆ. ಸುಳ್ಳು ಅನ್ನುವ ಧೈರ್ಯ ಇದ್ದವರು ನನ್ನೆದುರು ಬಂದು ಅನ್ನಿ, ನೋಡೋಣ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಬಳಿದು ಅದರ ಮೈಯನ್ನು ಮುಖ ಕಾಣುವಷ್ಟು ಕಪ್ಪು ಮಾಡಿದವನು ನಾನೊಬ್ಬನೇ. ಆದರೆ ಹುಳು ಹತ್ತದಂತೆ ತಳಕ್ಕೂ ಬಳಿಯಬೇಕಾದರೆ ದೋಣಿಯನ್ನು ಕವುಚಿ ಹಾಕಬೇಕು, ಅದಕ್ಕೆ ಏಳು ಜನ ಬೇಕು. 'ನನ್ನ ದೋಣಿಗೆ ಯಾರ ಕೈಯೂ ಬೇಡ' ಎಂದು ದಂಡೆಯುದ್ದಕ್ಕೂ ಹೇಳಿಕೊಂಡು ತಿರುಗಿದವನು ಯಾರನ್ನು ಕರೆಯಲಿ? ಎರಡು ವರ್ಷ ಬರೀ ಪಕ್ಕಗಳಿಗೇ ಬಳಿದೆ.

ಒಂದು ಬೆಳಿಗ್ಗೆ ತಳದಲ್ಲಿ ಕರಕರ ಸದ್ದು ಕೇಳಿ ಕಿವಿಯಿಟ್ಟೆ. ಮರ ಕೊರೆಯುವ ಹುಳು ಹೇಳುತ್ತಿತ್ತು: "ದೋಣಿಯಕ್ಕಾ, ನಿನ್ನ ಧಣಿ ಧರ್ಮಾತ್ಮ. ನೋಡುವವರಿಗೆ ಎಣ್ಣೆ, ನಮಗೆ ಹಲಗೆ."

"ಇನ್ನೆಷ್ಟು ಉಳಿದಿದೆ?" ಎಂದಿತು ದೋಣಿ.

"ಬೆರಳಿನಷ್ಟು ದಪ್ಪ. ಹುಣ್ಣಿಮೆಯೊಳಗೆ ಮುಗಿಸುತ್ತೇವೆ."

ಒಬ್ಬನೇ ದೋಣಿ ಎತ್ತಲು ಹೋದೆ, ಹಲಗೆ ಲಟಕ್ಕೆಂದಿತು.

"ಈರಾ, ಮುರಿದು ಹೋಗುತ್ತೇನೆ. ಜನ ಕರೆ," ಎಂದಿತು ದೋಣಿ.

"ನೀನೇ ಕರೆಯೇ!"

"ನನಗೆ ಬಾಯಿಲ್ಲವೆಂದು ಊರು ನಂಬಿದೆ. ನಿನಗಿದೆಯೆಂದು ಎಲ್ಲರಿಗೂ ಗೊತ್ತು."

ಕೂಗಿದೆ. ಪಕ್ಕದ ದೋಣಿಯ ಜಟ್ಟಣ್ಣ ಐದು ಜನರನ್ನು ಕಟ್ಟಿಕೊಂಡು ಬಂದ. "ಏನೋ ಈರಾ, ನಾವು ಮುಟ್ಟಿದರೆ ಕಪ್ಪು ಹೋಗುವುದಿಲ್ಲ ತಾನೆ?" ಎಂದ. ಎಲ್ಲರೂ ಸೇರಿ ದೋಣಿ ಕವುಚಿದೆವು, ತೆಂಗಿನ ಒಣ ಮಡಲಿನ ಬೆಂಕಿ ಹಿಡಿದು ಹುಳುಗಳನ್ನು ಸುಟ್ಟೆವು, ತಳಕ್ಕೆ ಎಣ್ಣೆ ಕುಡಿಸಿದೆವು. ಹಲಗೆ ಉಳಿಯಿತು.

ಮರುದಿನ ಜಟ್ಟಣ್ಣನ ದೋಣಿ ಕವುಚುವಾಗ ನನ್ನನ್ನೂ ಕರೆದರು. ಹಿಡಿಯಲು ನನಗೆ ಕೊಟ್ಟಿದ್ದು ಹಿಂಭಾಗದ, ಎಲ್ಲಕ್ಕಿಂತ ಭಾರದ ಜಾಗ.